ಕಾರ್ಪಸ್ ಕಲೋಸಮ್ ಇಲ್ಲದ ಕಾಂಗರೂವಿನ ಮಿದುಳಿನಲ್ಲಿ ಎರಡು ಕಣ್ಣುಗಳ ನೋಟ ಒಂದಾಗುವುದು ಹೇಗೆ?

ಪಿಯು_ಮೇಷ್ಟ್ರು, ಚಿತ್ರದುರ್ಗ

ಪ್ರಥಮ ಪಿಯುಸಿಗೆ ನರಮಂಡಲದ ಪಾಠ ಮಾಡುತ್ತಿದ್ದೆ. ಮಿದುಳಿನ ಎಡ ಬಲ ಅರೆಗೋಳಗಳನ್ನು ಕಾರ್ಪಸ್ ಕಲೋಸಮ್ ಎಂಬ ನರತಂತುಗಳ ದಪ್ಪ ಪಟ್ಟಿ ಜೋಡಿಸುತ್ತದೆ ಎಂದು ಹೇಳಿದವನು, ಮಾತಿನ ಭರದಲ್ಲಿ, ಹೊಟ್ಟೆಚೀಲದ ಸಸ್ತನಿಗಳಲ್ಲಿ ಈ ಪಟ್ಟಿಯೇ ಇಲ್ಲ ಎಂದೂ ಸೇರಿಸಿಬಿಟ್ಟೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಅದನ್ನೇ ಹಿಡಿದುಕೊಂಡಳು. "ಎಡಗಡೆಯ ನೋಟ ಬಲ ಮಿದುಳಿಗೆ, ಬಲಗಡೆಯದು ಎಡ ಮಿದುಳಿಗೆ ಎಂದಿರಲ್ಲ ಸರ್. ಜೋಡಿಸುವ ಪಟ್ಟಿ ಇಲ್ಲದಿದ್ದರೆ ಕಾಂಗರೂಗೆ ಜಗತ್ತು ನಟ್ಟನಡುವೆ ಸೀಳಿದಂತೆ ಕಾಣುತ್ತದೆಯೇ?"

ನಾಳೆ ಹೇಳುತ್ತೇನೆ ಎಂದು ಗಂಟೆ ಹೊಡೆಯುವವರೆಗೆ ದಿನ ದೂಡಿದ್ದೇನೆ. ಬಲ್ಲವರು ದಯವಿಟ್ಟು ವಿವರಿಸಿ. ವರ್ಗೀಕರಣದ ಕೋಷ್ಟಕವನ್ನು ಮಾತ್ರ ಮತ್ತೆ ಒಪ್ಪಿಸಬೇಡಿ, ಅದು ನನ್ನ ಬಳಿಯೂ ಇದೆ.

ಹಳೇಬೇರು, ಧಾರವಾಡ

ಮೇಷ್ಟ್ರೇ, ನಿಮ್ಮ ಶಿಷ್ಯೆಯ ಪ್ರಶ್ನೆಗೆ ಇನ್ನೂರು ವರ್ಷ ಆಗುತ್ತ ಬಂತು. 1837ರಲ್ಲಿ ರಿಚರ್ಡ್ ಓವನ್ ಲಂಡನ್ನಿನಲ್ಲಿ ಈ ಪ್ರಾಣಿಗಳ ಮಿದುಳನ್ನು ಬಿಡಿಸಿ ನೋಡಿ, ಕಾರ್ಪಸ್ ಕಲೋಸಮ್ ಇಲ್ಲ ಎಂದು ಬರೆದರು. ಆ ಕಾಲದ ಅಂಗರಚನಾ ಪಂಡಿತರು ಇದನ್ನು ಸುಲಭವಾಗಿ ಒಪ್ಪಲಿಲ್ಲ. ದಶಕಗಳ ಕಾಲ ವಾಗ್ವಾದ ನಡೆಯಿತು. ಆಸ್ಟ್ರೇಲಿಯಾದಲ್ಲೇ ಹುಟ್ಟಿದ ಗ್ರಾಫ್ಟನ್ ಎಲಿಯಟ್ ಸ್ಮಿತ್ 1902ರ ಹೊತ್ತಿಗೆ ಕಾಂಗರೂ, ಪಾಸಮ್‌ಗಳ ಗುಂಪಿನಲ್ಲಿ ಬೇರೆಯದೇ ಒಂದು ತಂತುಕಟ್ಟನ್ನು ತೋರಿಸಿದರು. ಅದರ ಹೆಸರು ಫ್ಯಾಸಿಕ್ಯುಲಸ್ ಅಬೆರಾನ್ಸ್. ಅಂದರೆ ಅರೆಗೋಳಗಳ ನಡುವೆ ಸಂಪರ್ಕ ಇದೆ, ಆದರೆ ದಾರಿ ಬೇರೆ.

ಪಠ್ಯಪುಸ್ತಕಗಳು "ಇಲ್ಲ" ಎನ್ನುವ ಅರ್ಧವನ್ನು ಮಾತ್ರ ಉಳಿಸಿಕೊಂಡವು. ನಾನು ಸೇವೆಯಲ್ಲಿದ್ದಷ್ಟು ಕಾಲವೂ ಇದನ್ನೇ ಗೊಣಗುತ್ತಿದ್ದೆ. ನಿವೃತ್ತನಾದ ಮೇಲೂ ಗೊಣಗುತ್ತಿದ್ದೇನೆ.

ಯಾರಾ_ದಂಡೆ, ಮೆಲ್ಬರ್ನ್

ನಾನು ದೃಷ್ಟಿಯ ನರವಿಜ್ಞಾನದಲ್ಲಿ ಕೆಲಸ ಮಾಡುವವಳು. ಪ್ರಶ್ನೆ ನಮ್ಮ ಊರಿನ ಪ್ರಾಣಿಯದ್ದಾದ್ದರಿಂದ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಮೊದಲು ಕಣ್ಣಿನಿಂದ ಹೊರಡೋಣ. ಟ್ಯಾಮರ್ ವಾಲಬಿ ಎನ್ನುವುದು ಕಾಂಗರೂ ಕುಟುಂಬದ ಚಿಕ್ಕ ಪ್ರಾಣಿ. ದಕ್ಷಿಣ ಆಸ್ಟ್ರೇಲಿಯಾದ ಕಾಂಗರೂ ದ್ವೀಪದಲ್ಲಿ ಧಾರಾಳವಾಗಿದೆ. ಕಣ್ಣುಗಳು ತಲೆಯ ಪಕ್ಕಕ್ಕೆ ಇರುವುದರಿಂದ ತಲೆ ತಿರುಗಿಸದೆಯೇ ಸುಮಾರು 320 ಡಿಗ್ರಿ ಸುತ್ತಳತೆ ಕಾಣುತ್ತದೆ. ಅದರಲ್ಲಿ ಎರಡೂ ಕಣ್ಣಿಗೆ ಒಟ್ಟಿಗೆ ಕಾಣುವುದು ಮುಂಭಾಗದ ಸುಮಾರು 50 ಡಿಗ್ರಿ ಮಾತ್ರ. ಉಳಿದದ್ದೆಲ್ಲ ಒಂದೊಂದು ಕಣ್ಣಿನ ಸ್ವಂತ ಪಾಲು. ಎಡಗಡೆಯ ದೂರದ ಪೊದೆಯನ್ನು ಬಲಗಡೆಯ ನೋಟದೊಂದಿಗೆ ಹೊಲಿಯುವ ಅಗತ್ಯವೇ ಇಲ್ಲ. ಹೊಲಿಗೆ ಬೇಕಾಗುವುದು ಎದುರಿನ ನಡುಗೆರೆಯ ಆಸುಪಾಸಿನಲ್ಲಿ, ಒಂದು ಅರೆಗೋಳದ ನಕ್ಷೆ ಮುಗಿದು ಇನ್ನೊಂದರದ್ದು ಶುರುವಾಗುವ ಕಡೆ.

ಮಿದುಳಿನ ಹಿಂಭಾಗದಲ್ಲಿ ಪ್ರಾಥಮಿಕ ದೃಷ್ಟಿ ಕ್ಷೇತ್ರ ಇದೆ. ಅದನ್ನು ವಿ1 ಎನ್ನುತ್ತೇವೆ. ಅದಕ್ಕೆ ಅಂಟಿಕೊಂಡು ಕಿರಿದಾದ ಪಟ್ಟಿಯಂತೆ ವಿ2 ಇದೆ. ಈ ಎರಡರ ಗಡಿಯ ಮೇಲೆಯೇ ನೋಟದ ನಡುಗೆರೆ ಬಿದ್ದಿರುತ್ತದೆ. ಬೆಕ್ಕು, ಮಂಗ, ಮನುಷ್ಯ ಎಲ್ಲರಲ್ಲೂ ಕಾರ್ಪಸ್ ಕಲೋಸಮ್ ಮೂಲಕ ಆಚೆ ಕಡೆಗೆ ಹೋಗುವ ದೃಷ್ಟಿ ತಂತುಗಳು ಈ ಗಡಿಯ ಸುತ್ತ ದಟ್ಟವಾಗಿವೆ. ಹೊಟ್ಟೆಚೀಲದ ಪ್ರಾಣಿಗಳಲ್ಲೂ ಗಡಿಯ ಆಸುಪಾಸಿನಿಂದ ತಂತುಗಳು ಆಚೆಗೆ ದಾಟುತ್ತವೆ. ದಾಟುವ ಜಾಗ ಮಾತ್ರ ಕೆಳಗೆ, ಆಂಟೀರಿಯರ್ ಕಮಿಷರ್ ಎಂಬ ಇನ್ನೊಂದು ತಂತುಕಟ್ಟಿನಲ್ಲಿ. ನಮ್ಮ ಮಿದುಳಿನಲ್ಲೂ ಆ ಕಟ್ಟು ಇದೆ, ಆದರೆ ಸಣ್ಣದು. ವಾಲಬಿಯಲ್ಲಿ ಅದು ದಪ್ಪಗಿದೆ, ಏಕೆಂದರೆ ಇಡೀ ಕಾರ್ಟೆಕ್ಸಿನ (ಮಿದುಳಿನ ಹೊರಪದರದ) ಹೊರೆ ಅದರ ಮೇಲೆಯೇ ಇದೆ. ಹಳೇಬೇರು ಸರ್ ಹೇಳಿದ ಫ್ಯಾಸಿಕ್ಯುಲಸ್ ಅಬೆರಾನ್ಸ್, ಮೇಲ್ಭಾಗದ ಕಾರ್ಟೆಕ್ಸಿನ ತಂತುಗಳನ್ನು ಸುತ್ತು ಬಳಸದೆ ಆ ಕಟ್ಟಿಗೆ ತಲುಪಿಸುವ ಒಳದಾರಿ. ಚೀಲದ ಪ್ರಾಣಿಗಳೇ ಆದ ಅಮೆರಿಕದ ಅಪೋಸಮ್, ಇಲಿಗಾತ್ರದ ಡನಾರ್ಟ್‌ಗಳಿಗೆ ಆ ಸೌಲಭ್ಯವೂ ಇಲ್ಲ, ಅವುಗಳ ತಂತುಗಳು ಹೊರವಲಯವನ್ನು ಸುತ್ತಿಕೊಂಡೇ ಹೋಗುತ್ತವೆ.

ಆದ್ದರಿಂದ ಹುಡುಗಿಗೆ ಹೇಳಿ: ಸೀಳು ಕಾಣುವುದಿಲ್ಲ.

ಕಣ್ಣು_ವೈದ್ಯ, ಹುಬ್ಬಳ್ಳಿ

ಮೇಡಂ, ಕಣ್ಣಿನ ನರಗಳು ಅಡ್ಡಹಾಯುವ ಜಾಗದ ಬಗ್ಗೆಯೂ ಹೇಳಿ. ನಮ್ಮಲ್ಲಿ ಪಿಟ್ಯುಟರಿ ಗಡ್ಡೆ ಬೆಳೆದು ಆಪ್ಟಿಕ್ ಕಯಾಸ್ಮ್‌ನ ನಡುಭಾಗವನ್ನು ಒತ್ತಿದರೆ ರೋಗಿಗೆ ಎರಡೂ ಬದಿಯ ಹೊರನೋಟ ಹೋಗುತ್ತದೆ. ಮೂಗಿನ ಕಡೆಯ ಅಕ್ಷಿಪಟಲದ ತಂತುಗಳು ಅಲ್ಲಿಯೇ ಅಡ್ಡಹಾಯುವುದರಿಂದ ಹೀಗಾಗುತ್ತದೆ. ವಾಲಬಿಯಲ್ಲಿಯೂ ಇದೇ ವ್ಯವಸ್ಥೆಯೇ?

ಯಾರಾ_ದಂಡೆ

ತತ್ತ್ವ ಒಂದೇ ಡಾಕ್ಟರ್. ಮೂಗಿನ ಕಡೆಯವು ಅಡ್ಡಹಾಯುತ್ತವೆ, ಕಿವಿಯ ಕಡೆಯವು ತಮ್ಮ ಬದಿಯಲ್ಲೇ ಉಳಿಯುತ್ತವೆ. ಆದರೆ ಬೆಳವಣಿಗೆಯ ಹಂತದಲ್ಲಿ ತಂತುಗಳು ನಡೆಯುವ ರೀತಿ ಬೇರೆ. ಇಲಿ, ಫೆರೆಟ್‌ಗಳಲ್ಲಿ ಅಡ್ಡಹಾಯದ ತಂತುಗಳೂ ನಡುಗೆರೆಯ ಹತ್ತಿರದವರೆಗೆ ಹೋಗಿ, ಅಲ್ಲಿಂದ ಹಿಂತಿರುಗಿ ತಮ್ಮ ಬದಿಗೆ ಬರುತ್ತವೆ. ಹೊಟ್ಟೆಚೀಲದ ಪ್ರಾಣಿಗಳಲ್ಲಿ ಅವು ನಡುಗೆರೆಯ ಗೊಡವೆಗೇ ಹೋಗದೆ ಕಯಾಸ್ಮ್‌ನ ಅಂಚನ್ನೇ ಹಿಡಿದು ಹಿಂದಕ್ಕೆ ಸಾಗುತ್ತವೆ. ತಲುಪುವ ಊರು ಒಂದೇ, ರಸ್ತೆ ಎರಡು.

ತರ್ಕಪ್ರಿಯ, ಬೆಂಗಳೂರು

ಒಂದು ಅನುಮಾನ. ಹಳೆಯ ಕಟ್ಟಿನಲ್ಲೇ ಕೆಲಸ ನಡೆಯುತ್ತಿದ್ದರೆ ನಮಗೆ ಕಾರ್ಪಸ್ ಕಲೋಸಮ್ ಯಾಕೆ ಬೇಕಾಯಿತು? ನಮ್ಮದು ಸುಧಾರಿತ ಮಾದರಿ, ಅವುಗಳದ್ದು ಹಳೆಯ ಮಾದರಿ ಎಂದೇ ಅರ್ಥವಲ್ಲವೇ?

ಹಳೇಬೇರು

ಅದೇ ಅಲ್ಲ. ಅವು ನಮ್ಮ ಅಜ್ಜಂದಿರಲ್ಲ, ದಾಯಾದಿಗಳು. ಸುಮಾರು 16 ಕೋಟಿ ವರ್ಷಗಳ ಹಿಂದೆ ಎರಡು ಕವಲು ಬೇರೆಯಾದವು. ಆಮೇಲೆ ನಾವು ಎಷ್ಟು ಕಾಲ ಬದಲಾಗುತ್ತ ಬಂದೆವೋ ಅವೂ ಅಷ್ಟೇ ಕಾಲ ಬದಲಾಗುತ್ತ ಬಂದಿವೆ.

ಯಾರಾ_ದಂಡೆ

ತರ್ಕಪ್ರಿಯ ಅವರೇ, ದೊಡ್ಡ ಕಾರ್ಟೆಕ್ಸ್ ಇರುವ ಪ್ರಾಣಿಗೆ ಮೇಲಿನಿಂದಲೇ ದಾಟುವ ದಾರಿ ಹತ್ತಿರ ಆಗುತ್ತದೆ, ತಂತು ಉಳಿಯುತ್ತದೆ, ಸಮಯವೂ ಉಳಿಯುತ್ತದೆ ಎನ್ನುವುದು ಒಂದು ವಾದ. ಅದು ಸರಿಯಿರಬಹುದು. ಆದರೆ 2018ರಲ್ಲಿ ಬ್ರಿಸ್ಬೇನ್‌ನ ರೊಡ್ರಿಗೊ ಸುವಾರೆಸ್, ಲಿಂಡಾ ರಿಚರ್ಡ್ಸ್ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾಯಿತು. ಅವರು ಇಲಿಯ ಗಾತ್ರದ ಹೊಟ್ಟೆಚೀಲದ ಬೇಟೆಗಾರ ಡನಾರ್ಟ್‌ನ ಮಿದುಳನ್ನೂ, ಮೊಟ್ಟೆಯಿಡುವ ಪ್ಲಾಟಿಪಸ್‌ನ ಮಿದುಳನ್ನೂ ಪರಿಶೀಲಿಸಿದರು. ಕಾರ್ಟೆಕ್ಸಿನ ಯಾವ ಭಾಗ ಆಚೆ ಬದಿಯ ಯಾವ ಭಾಗದೊಂದಿಗೆ ಜೋಡಣೆಯಾಗಿದೆ, ಕಟ್ಟಿನೊಳಗೆ ಅವುಗಳ ತಂತುಗಳು ಯಾವ ಕ್ರಮದಲ್ಲಿವೆ ಎಂದು ನೋಡಿದರೆ, ಕಾರ್ಪಸ್ ಕಲೋಸಮ್ ಇರುವ ಪ್ರಾಣಿಗಳ ಜೋಡಣೆಯ ವಿನ್ಯಾಸವೇ ಬಹುಪಾಲು ಅಲ್ಲೂ ಕಂಡಿತು. ಜೋಡಣೆಯ ನಕ್ಷೆ ಹಳೆಯದು. ಕಾರ್ಪಸ್ ಕಲೋಸಮ್ ಬಂದದ್ದು ಆಮೇಲೆ, ಆ ನಕ್ಷೆಯನ್ನೇ ಬೇರೆ ದಾರಿಯಲ್ಲಿ ಹೊತ್ತುಕೊಂಡು.

ಬಿಎಸ್ಸಿ_ಕೊನೆವರ್ಷ, ಶಿವಮೊಗ್ಗ

ವಿ1, ವಿ2 ಎಂದು ಗೆರೆ ಎಳೆಯುವುದು ಹೇಗೆ ಮೇಡಂ? ಮಿದುಳಿನ ಮೇಲೆ ಗಡಿಕಲ್ಲು ಇರುವುದಿಲ್ಲವಲ್ಲ?

ಯಾರಾ_ದಂಡೆ

ಗಡಿಕಲ್ಲು ಇದೆ, ಬಣ್ಣ ಹಾಕಿದರೆ ಕಾಣುತ್ತದೆ. ಕಾರ್ಟೆಕ್ಸನ್ನು ಒಳಭಾಗದಿಂದ ಸುಲಿದು ತೆಗೆದು, ಗಾಜಿನ ಪಟ್ಟಿಗಳ ನಡುವೆ ಮೆಲ್ಲಗೆ ಒತ್ತಿ ಚಪ್ಪಟೆ ಮಾಡಿ, ಮೇಲ್ಮೈಗೆ ಸಮಾನಾಂತರವಾಗಿ ತೆಳುವಾಗಿ ಕೊಯ್ಯುತ್ತಾರೆ. ನಂತರ ಮಯಲಿನ್ (ತಂತುಗಳ ಮೇಲಿನ ಹೊದಿಕೆ) ಅಥವಾ ಕೋಶದೊಳಗಿನ ಕಿಣ್ವವಾದ ಸೈಟೊಕ್ರೋಮ್ ಆಕ್ಸಿಡೇಸ್‌ಗೆ ಬಣ್ಣ ಕಟ್ಟುತ್ತಾರೆ. ವಿ1 ಹಿಂಬದಿಯಲ್ಲಿ ಗಾಢವಾದ ಮೊಟ್ಟೆಯಾಕಾರದ ತುಣುಕಾಗಿ ಎದ್ದು ನಿಲ್ಲುತ್ತದೆ. ಅಂಚು ಮುಗಿದಲ್ಲಿ ಬಣ್ಣ ತಟ್ಟನೆ ತೆಳುವಾಗುತ್ತದೆ. ಬಣ್ಣ ಹಾಕುವ ಮೊದಲೇ ಪ್ರಾಣಿ ಬದುಕಿದ್ದಾಗ ಎಲೆಕ್ಟ್ರೋಡ್ ಇಟ್ಟು, ನೋಟದ ಯಾವ ಮೂಲೆಯಲ್ಲಿ ಬೆಳಕು ತೋರಿಸಿದರೆ ಯಾವ ಕೋಶ ಉತ್ತರಿಸುತ್ತದೆ ಎಂದು ಗುರುತು ಮಾಡಿರುತ್ತಾರೆ. ಎರಡನ್ನೂ ಒಂದರ ಮೇಲೊಂದು ಇಟ್ಟಾಗ ನಕ್ಷೆ ಪೂರ್ತಿಯಾಗುತ್ತದೆ. ಟ್ಯಾಮರ್ ವಾಲಬಿಯ ವಿ1 ನಕ್ಷೆಯನ್ನು 1992ರಲ್ಲಿ ಟಿ. ಆರ್. ವಿದ್ಯಾಸಾಗರ್ ಮತ್ತು ಸಂಗಡಿಗರು ಪ್ರಕಟಿಸಿದರು.

ವಿ2 ಬಗ್ಗೆ ಬಹಳ ಕಾಲ ಗುದ್ದಾಟ ಇತ್ತು. ಜರಾಯು ಸಸ್ತನಿಗಳ (ಮನುಷ್ಯ, ಬೆಕ್ಕು, ಇಲಿಗಳಂಥವುಗಳ) ವಿ2ಗೆ ಸಮನಾದದ್ದು ಇವುಗಳಲ್ಲಿ ಇದೆಯೇ ಎಂದು. 1999ರಲ್ಲಿ ಮಾರ್ಸೆಲೊ ರೋಸಾ, ಲಿಯಾ ಕ್ರುಬಿಟ್ಜರ್ ಮೊದಲಾದವರು ಉತ್ತರ ಆಸ್ಟ್ರೇಲಿಯಾದ ಕ್ವಾಲ್ ಎಂಬ ಮಾಂಸಾಹಾರಿಯಲ್ಲಿ ವಿ1 ಪಕ್ಕದ ಪಟ್ಟಿಯೊಳಗೆ ನೋಟದ ಎರಡನೇ ನಕ್ಷೆಯನ್ನು ತೋರಿಸಿದರು. ದಕ್ಷಿಣ ಅಮೆರಿಕದ ಅಪೋಸಮ್ ಕುರಿತು ಬ್ರೆಜಿಲ್‌ನವರ ಕೆಲಸ ಬೇರೆಯೇ ಇದೆ. ಸಣ್ಣ ಬಾಲದ ಅಪೋಸಮ್‌ನಲ್ಲಿ ವಿ1 ಮುಖ್ಯವಾಗಿ ವಿ2 ಜೊತೆಗೂ, ಅದರಾಚೆ ಟೆಂಪೊರಲ್ (ಕಿವಿಯ ಬದಿಯ) ಭಾಗದ ಇನ್ನೊಂದು ದೃಷ್ಟಿ ಕ್ಷೇತ್ರದ ಜೊತೆಗೂ ಕೊಡುಕೊಳ್ಳುವಿಕೆ ಇಟ್ಟುಕೊಂಡಿದೆ. ಮಕಾಕ್ ಮಂಗದಲ್ಲಿ ಮೂವತ್ತಕ್ಕೂ ಹೆಚ್ಚು ದೃಷ್ಟಿ ಕ್ಷೇತ್ರಗಳನ್ನು ಎಣಿಸುತ್ತಾರೆ, ಇಲ್ಲಿ ಅಷ್ಟು ದೊಡ್ಡ ಸಂಸಾರ ಇಲ್ಲ.

ತರ್ಕಪ್ರಿಯ

ನೋಡಿದಿರಾ, ಕ್ಷೇತ್ರಗಳೂ ಕಡಿಮೆ. ನಾನು ಹೇಳಿದ್ದೂ ಅದನ್ನೇ. ಇಲಿಯ ಮಿದುಳಿನಷ್ಟೇ ಸರಳ ಎಂದಮೇಲೆ ಇಲಿಯನ್ನೇ ಅಧ್ಯಯನ ಮಾಡಿದರೆ ಸಾಲದೇ? ವಾಲಬಿ ಯಾಕೆ?

ಯಾರಾ_ದಂಡೆ

ಇಲಿ ಸಾಲದು. ಇಡೀ ಕಥೆಯ ರುಚಿ ಇರುವುದೇ ಇಲ್ಲಿ.

ವಿ1ರ ಒಂದೊಂದು ನರಕೋಶಕ್ಕೂ ಒಂದು ಇಷ್ಟದ ಕೋನ ಇರುತ್ತದೆ. ಒಂದಕ್ಕೆ ನೆಟ್ಟಗಿನ ಗೆರೆ ಕಂಡರೆ ಉತ್ಸಾಹ, ಇನ್ನೊಂದಕ್ಕೆ ಓರೆ ಗೆರೆ, ಮತ್ತೊಂದಕ್ಕೆ ಮಲಗಿದ ಗೆರೆ. ಬೆಕ್ಕಿನಲ್ಲಿ ಇದನ್ನು ಹ್ಯೂಬೆಲ್ ಮತ್ತು ವೀಸೆಲ್ 1959ರಿಂದ ತೋರಿಸುತ್ತ ಬಂದರು, 1981ರಲ್ಲಿ ನೊಬೆಲ್ ಬಂತು. ಆಮೇಲಿನ ಪ್ರಶ್ನೆ: ಒಂದೇ ಕೋನವನ್ನು ಇಷ್ಟಪಡುವ ಕೋಶಗಳು ಒಟ್ಟಿಗೆ ಕೂರುತ್ತವೆಯೇ, ಚೆಲ್ಲಾಪಿಲ್ಲಿಯಾಗಿವೆಯೇ? ಬೆಕ್ಕು, ಫೆರೆಟ್, ಮಂಗಗಳಲ್ಲಿ ಒಟ್ಟಿಗೆ ಕೂರುತ್ತವೆ. ಅದೂ ಎಂಥ ಅಚ್ಚುಕಟ್ಟು! ಒಂದು ಬಿಂದುವಿನ ಸುತ್ತ ಎಲ್ಲ ಕೋನಗಳೂ ಸಾಲಾಗಿ ಬಂದು ಸೇರುತ್ತವೆ. ಕೋನಕ್ಕೊಂದು ಬಣ್ಣ ಕೊಟ್ಟರೆ ಬಣ್ಣದ ಗಿರಿಗಿಟ್ಟಲೆಯಂತೆ ಕಾಣುತ್ತದೆ. 1991ರಲ್ಲಿ ಬೊನ್ಹಾಫರ್ ಮತ್ತು ಗ್ರಿನ್ವಾಲ್ಡ್ ಬೆಕ್ಕಿನಲ್ಲಿ ಇದನ್ನು ಸ್ಪಷ್ಟವಾಗಿ ಚಿತ್ರಿಸಿದರು. ಇಲಿಗಳಲ್ಲಿ, ಮೊಲದಲ್ಲಿ ಈ ವ್ಯವಸ್ಥೆ ಇಲ್ಲ. ಪಕ್ಕಪಕ್ಕದ ಕೋಶಗಳಿಗೆ ಸಂಬಂಧವಿಲ್ಲದ ಕೋನಗಳು. ಇದಕ್ಕೆ ಉಪ್ಪು-ಮೆಣಸಿನ ಜೋಡಣೆ ಎನ್ನುತ್ತಾರೆ.

ಇಲಿಯದ್ದು ಸರಳ, ಆದ್ದರಿಂದ ಅದೇ ಮೂಲ ಮಾದರಿ. ಗಿರಿಗಿಟ್ಟಲೆ ಆಮೇಲೆ ಬಂದ ಸುಧಾರಣೆ. ಹೀಗೆಂದು ಅನೇಕರು ಎಣಿಸಿದ್ದರು. ನಿಮ್ಮ ವಾದವೂ ಇದೇ.

ಈಗ ಮೆಲ್ಬರ್ನ್‌ಗೆ ಬನ್ನಿ. ಅರಿವಳಿಕೆ ಕೊಟ್ಟ ವಾಲಬಿಯ ಮುಂದೆ ಪರದೆ. ಪರದೆಯ ಮೇಲೆ ಕಪ್ಪು ಬಿಳುಪು ಪಟ್ಟೆಗಳು ಒಂದೊಂದು ಕೋನದಲ್ಲಿ ಸರಿದುಹೋಗುತ್ತವೆ. ತೆರೆದ ಕಾರ್ಟೆಕ್ಸಿನ ಮೇಲೆ ಬೆಳಕು ಬೀರಿ ಮೇಲಿಂದ ಕ್ಯಾಮೆರಾ ಇಟ್ಟಿರುತ್ತಾರೆ. ಕೆಲಸ ಮಾಡುವ ಕೋಶಗಳ ಸುತ್ತ ರಕ್ತದ ಆಮ್ಲಜನಕ ಬದಲಾಗುತ್ತದೆ, ಅದರಿಂದ ಅಲ್ಲಿ ಪ್ರತಿಫಲಿಸುವ ಬೆಳಕು ಕೂದಲೆಳೆಯಷ್ಟು ಬದಲಾಗುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಮತ್ತೆ ಮತ್ತೆ ತೋರಿಸಿ ಸರಾಸರಿ ತೆಗೆದಾಗಲೇ ಕಲೆಗಳು ಮೂಡುವುದು. ಪಟ್ಟೆಯ ಕೋನ ಬದಲಾದರೆ ಕಲೆಗಳ ಜಾಗವೂ ಬದಲಾಗುತ್ತದೆ. ಎಲ್ಲ ಕೋನಗಳ ಚಿತ್ರಗಳನ್ನು ಬಣ್ಣ ಕೊಟ್ಟು ಸೇರಿಸಿದಾಗ ಬಂದದ್ದು ಉಪ್ಪು-ಮೆಣಸಲ್ಲ, ಗಿರಿಗಿಟ್ಟಲೆ. ಎಲೆಕ್ಟ್ರೋಡ್ ಇಳಿಸಿಯೂ ತಾಳೆ ನೋಡಿದರು. ಯಂಗ್ ಜುನ್ ಜಂಗ್, ಮೈಕೆಲ್ ಇಬಟ್ಸನ್, ಮೆರಿಲಿನ್ ರೆನ್‌ಫ್ರೀ ಮತ್ತು ಸಂಗಡಿಗರ ಈ ಕೆಲಸ 2022ರಲ್ಲಿ ಪ್ರಕಟವಾಯಿತು.

ನಮ್ಮ ಕವಲಿನಿಂದ 16 ಕೋಟಿ ವರ್ಷಗಳ ಹಿಂದೆಯೇ ಬೇರೆಯಾದ ಪ್ರಾಣಿಯಲ್ಲಿ ಬೆಕ್ಕಿನದ್ದೇ ವ್ಯವಸ್ಥೆ. ನಮಗೆ ಅದಕ್ಕಿಂತ ಎಷ್ಟೋ ಹತ್ತಿರದ ನೆಂಟನಾದ ಇಲಿಯಲ್ಲಿ ಅದು ಇಲ್ಲ. ಹಾಗಿದ್ದಮೇಲೆ ಇಲಿಯದ್ದನ್ನು ಮೂಲ ಮಾದರಿ ಎಂದು ಯಾವ ಮುಖದಿಂದ ಹೇಳುವುದು?

ತರ್ಕಪ್ರಿಯ

ಇಷ್ಟು ಬೇಗ ಒಪ್ಪುವವನಲ್ಲ ನಾನು. ಹಕ್ಕಿಗೂ ಬಾವಲಿಗೂ ರೆಕ್ಕೆ ಇದೆ, ಪೂರ್ವಜರಿಗೆ ಇರಲಿಲ್ಲ. ವಾಲಬಿಯಲ್ಲೂ ಬೆಕ್ಕಿನಲ್ಲೂ ಗಿರಿಗಿಟ್ಟಲೆ ಪ್ರತ್ಯೇಕವಾಗಿ ಹುಟ್ಟಿರಬಹುದಲ್ಲ? ದೊಡ್ಡ ಮಿದುಳಾದರೆ ತಾನಾಗಿಯೇ ಬರುತ್ತದೆ ಎಂದೂ ಇರಬಹುದು.

ಯಾರಾ_ದಂಡೆ

ಗಾತ್ರದ ವಾದ ನಿಲ್ಲುವುದಿಲ್ಲ. ಮಡಗಾಸ್ಕರ್‌ನ ಮೌಸ್ ಲೀಮರ್ ಹೆಸರಿಗೆ ತಕ್ಕ ಹಾಗೆ ಇಲಿಮರಿಯಂಥ ಪ್ರಾಣಿ, ನೂರು ಗ್ರಾಮ್ ಕೂಡ ತೂಗುವುದಿಲ್ಲ. ಅದರಲ್ಲಿ ಗಿರಿಗಿಟ್ಟಲೆ ಇದೆ. ದಕ್ಷಿಣ ಅಮೆರಿಕದ ಅಗೂಟಿ ಬೆಕ್ಕಿನಷ್ಟು ದೊಡ್ಡ ದಂಶಕ, ಹಗಲು ಓಡಾಡುವಂಥದ್ದು. ಅದರಲ್ಲಿ ಇಲ್ಲ. ಬೂದು ಅಳಿಲಿನ ದೃಷ್ಟಿ ಎಷ್ಟು ಚುರುಕು ಎಂದು ಮರದ ಕೆಳಗೆ ನಿಂತವರಿಗೆಲ್ಲ ಗೊತ್ತು, ಅದರಲ್ಲೂ ಇಲ್ಲ.

ಇನ್ನೊಂದು ವಾದ ನನಗೆ ಹಿಡಿಸಿದೆ. ಅಕ್ಷಿಪಟಲದ ನಡುಭಾಗದಲ್ಲಿ ಗ್ಯಾಂಗ್ಲಿಯನ್ ಕೋಶಗಳು (ಮಿದುಳಿಗೆ ತಂತು ಕಳಿಸುವಂಥವು) ಎಷ್ಟು ದಟ್ಟ, ಅಂಚಿನಲ್ಲಿ ಎಷ್ಟು ವಿರಳ, ಇವೆರಡರ ಅನುಪಾತ ನೋಡಿ. ಇಲಿಯಲ್ಲಿ ಹೆಚ್ಚುಕಡಿಮೆ ಸಮನಾಗಿ ಹರಡಿವೆ. ಬೆಕ್ಕು, ಮಂಗಗಳಲ್ಲಿ ನಡುವೆ ಒತ್ತೊತ್ತಾಗಿವೆ. ವಾಲಬಿಯಲ್ಲೂ ಅಂಚಿಗಿಂತ ನಡುವೆ ಬಹಳ ದಟ್ಟ, ಕ್ಷಿತಿಜದ ಉದ್ದಕ್ಕೂ ಒಂದು ದಟ್ಟ ಪಟ್ಟಿಯೂ ಇದೆ. ಬಯಲಿನಲ್ಲಿ ಬದುಕುವ ಪ್ರಾಣಿಗೆ ಅಪಾಯ ಬರುವುದು ಕ್ಷಿತಿಜದ ಕಡೆಯಿಂದ ತಾನೇ? ಮರ ಹತ್ತುವ ಕಾಂಗರೂವಿನಲ್ಲಿ ಈ ಪಟ್ಟಿ ಬಯಲು ಕಾಂಗರೂವಿನಷ್ಟು ಗಟ್ಟಿಯಾಗಿಲ್ಲ ಎಂದು 1975ರಲ್ಲೇ ಹ್ಯೂಸ್ ತೋರಿಸಿದ್ದರು. ಈ ಅನುಪಾತವನ್ನು ನೋಡಿಕೊಂಡೇ ವಾಲಬಿಯಲ್ಲಿ ಗಿರಿಗಿಟ್ಟಲೆ ಇರಬೇಕು ಎಂದು 2020ರಲ್ಲಿ ಇಬಟ್ಸನ್ ಮತ್ತು ಜಂಗ್ ಮುಂಚಿತವಾಗಿ ಬರೆದಿದ್ದರು. ಆಮೇಲೆ ಸಿಕ್ಕಿತು.

ನನ್ನ ಅಭಿಪ್ರಾಯ ಕೇಳಿದರೆ: ನಕ್ಷೆ ಕಟ್ಟುವ ನಿಯಮ ಎರಡೂ ಕವಲಿಗೆ ಸೇರಿದ್ದು, ಬಹಳ ಹಳೆಯದು. ಕಣ್ಣು ಕಳಿಸುವ ತಂತುಗಳ ಹಂಚಿಕೆ ಹೇಗಿದೆಯೋ ಅದರಂತೆ ಅದು ಗಿರಿಗಿಟ್ಟಲೆಯಾಗಿಯೋ ಉಪ್ಪು-ಮೆಣಸಾಗಿಯೋ ಹೊರಬರುತ್ತದೆ.

ಹಳೇಬೇರು

ಹಾಗಿದ್ದರೂ ಪೂರ್ವಜರ ಮಿದುಳಿನಲ್ಲಿ ಗಿರಿಗಿಟ್ಟಲೆ ತಿರುಗುತ್ತಿತ್ತು ಎಂದಾಗುವುದಿಲ್ಲ, ಮೇಡಂ. ಆ ಕಾಲದ ಸಸ್ತನಿಗಳು ಚಿಕ್ಕ, ನಿಶಾಚರ ಪ್ರಾಣಿಗಳು ಎನ್ನುವುದು ಸಾಮಾನ್ಯ ಅಭಿಪ್ರಾಯ. ಅವುಗಳ ಅಕ್ಷಿಪಟಲ ಇಲಿಯದರಂತೆ ಇದ್ದಿದ್ದರೆ, ನಿಮ್ಮದೇ ನಿಯಮದ ಪ್ರಕಾರ ಉಪ್ಪು-ಮೆಣಸೇ ಬರಬೇಕು.

ಯಾರಾ_ದಂಡೆ

ಸರ್, ಅದಕ್ಕೇ "ನಿಯಮ ಹಳೆಯದು" ಎಂದೆ, "ಗಿರಿಗಿಟ್ಟಲೆಯ ನಕ್ಷೆ ಹಳೆಯದು" ಎನ್ನಲಿಲ್ಲ. 2022ರ ಪ್ರಬಂಧದವರೂ ಗಿರಿಗಿಟ್ಟಲೆ ಕಟ್ಟುವ ಆನುವಂಶಿಕ ಸಾಮರ್ಥ್ಯ ಪ್ರಾಯಶಃ ಸಮಾನ ಪೂರ್ವಜರವರೆಗೆ ಹೋಗಬಹುದು ಎಂದಷ್ಟೇ ಬರೆದಿದ್ದಾರೆ. ಪಳೆಯುಳಿಕೆಯಲ್ಲಿ ಅಕ್ಷಿಪಟಲ ಸಿಗುವುದಿಲ್ಲವಾದ್ದರಿಂದ ಈ ಜಗಳ ಇನ್ನೂ ನಡೆಯಲಿದೆ.

ತರ್ಕಪ್ರಿಯ

ಇಲಿ ಸಾಲದು ಎನ್ನುವುದನ್ನು ಒಪ್ಪಿದೆ. ಉಳಿದದ್ದಕ್ಕೆ ಕಾಯುತ್ತೇನೆ.

ಕಣ್ಣು_ವೈದ್ಯ

ನನಗೆ ಇನ್ನೊಂದು ಕುತೂಹಲ. ಹುಟ್ಟುಗುರುಡರ ದೃಷ್ಟಿ ಕಾರ್ಟೆಕ್ಸ್ ಬ್ರೈಲ್ ಓದುವಾಗ ಕೆಲಸ ಮಾಡುತ್ತದೆ ಎಂದು ಸ್ಕ್ಯಾನ್‌ಗಳಲ್ಲಿ ಕಂಡಿದೆ. ಚೀಲದ ಪ್ರಾಣಿಗಳು ಅರೆಬೆಂದ ಸ್ಥಿತಿಯಲ್ಲೇ ಹುಟ್ಟುತ್ತವಲ್ಲ, ಅವುಗಳಲ್ಲಿ ಇಂಥ ಅಧ್ಯಯನ ನಡೆದಿದೆಯೇ?

ಯಾರಾ_ದಂಡೆ

ನಡೆದಿದೆ, ಅವುಗಳ ಬಹುದೊಡ್ಡ ಅನುಕೂಲವೂ ಅದೇ. ವಾಲಬಿ ಮರಿ ಹುಟ್ಟಿದಾಗ ಅರ್ಧ ಗ್ರಾಮ್ ಕೂಡ ಇರುವುದಿಲ್ಲ. ಕಣ್ಣು ತೆರೆಯುವುದು ಚೀಲದೊಳಗೆ ಸುಮಾರು 140 ದಿನಗಳಾದ ಮೇಲೆ. ಕಣ್ಣಿನಿಂದ ಮಿದುಳಿಗೆ ತಂತುಗಳು ಬೆಳೆದು ತಲುಪುವ ಘಟನೆ ಜರಾಯು ಸಸ್ತನಿಗಳಲ್ಲಿ ಬಹುಪಾಲು ಗರ್ಭದೊಳಗೆ ಮುಗಿಯುತ್ತದೆ. ಇಲ್ಲಿ ಅದು ಹೊರಗೆ, ನೋಡಲು ಸಿಗುವ ಹಾಗೆ ನಡೆಯುತ್ತದೆ.

ಕ್ರುಬಿಟ್ಜರ್ ಅವರ ಕ್ಯಾಲಿಫೋರ್ನಿಯಾದ ಪ್ರಯೋಗಾಲಯದಲ್ಲಿ ಸಣ್ಣ ಬಾಲದ ಅಪೋಸಮ್ ಮರಿಗಳ ಎರಡೂ ಕಣ್ಣುಗಳನ್ನು ಹುಟ್ಟಿದ 4ನೇ ದಿನ, ತಂತುಗಳು ಥಲಾಮಸ್ (ಇಂದ್ರಿಯಗಳ ಸುದ್ದಿಯನ್ನು ಕಾರ್ಟೆಕ್ಸಿಗೆ ದಾಟಿಸುವ ಒಳಕೇಂದ್ರ) ತಲುಪುವ ಮೊದಲೇ ತೆಗೆದರು. ಬೆಳೆದ ಮೇಲೆ ನೋಡಿದರೆ, ವಿ1 ಇರಬೇಕಾದ ಜಾಗ ಕಿರಿದಾಗಿತ್ತು, ಆದರೆ ಮಾಯವಾಗಿರಲಿಲ್ಲ. ಅಲ್ಲಿಯ ಕೋಶಗಳು ಮೈ ಮುಟ್ಟಿದರೆ, ಸದ್ದು ಮಾಡಿದರೆ ಉತ್ತರಿಸುತ್ತಿದ್ದವು. 2002ರ ವರದಿ ಅದು. 2006ರಲ್ಲಿ ಜೋಡಣೆಗಳನ್ನು ಹುಡುಕಿದಾಗ, ಎಂದಿನ ದೃಷ್ಟಿ ಸಂಪರ್ಕಗಳ ಜೊತೆಗೆ ಸ್ಪರ್ಶ ಮತ್ತು ಶ್ರವಣದ ಕಾರ್ಟೆಕ್ಸ್‌ನಿಂದಲೂ, ಥಲಾಮಸ್‌ನ ಆ ಕೇಂದ್ರಗಳಿಂದಲೂ ತಂತುಗಳು ಅಲ್ಲಿಗೆ ಬಂದಿದ್ದವು. ಕಣ್ಣಿಲ್ಲದಿದ್ದರೂ ಥಲಾಮಸ್‌ನ ದೃಷ್ಟಿ ಕೇಂದ್ರ ವಿ1 ಜೊತೆಗಿನ ತನ್ನ ಸಂಬಂಧವನ್ನು ಬಿಟ್ಟಿರಲಿಲ್ಲ.

ಪಿಯು_ಮೇಷ್ಟ್ರು

ಇದನ್ನು ಓದಿ ಸ್ವಲ್ಪ ಕಸಿವಿಸಿಯಾಯಿತು ಮೇಡಂ. ನಾಲ್ಕು ದಿನದ ಮರಿಯ ಕಣ್ಣು.

ಯಾರಾ_ದಂಡೆ

ಆಗಲೇಬೇಕು ಸರ್. ಇಂಥ ಪ್ರಯೋಗಗಳಿಗೆ ನೈತಿಕ ಸಮಿತಿಯ ಅನುಮತಿ, ಅರಿವಳಿಕೆ ಎಲ್ಲ ಕಡ್ಡಾಯ. ಹಾಗೆಂದು ನಾನು ಹಗುರವಾಗಿ ಮಾತಾಡುವುದಿಲ್ಲ. ತರಗತಿಯಲ್ಲಿ ಈ ಭಾಗ ಹೇಳುವುದಾದರೆ ಹೇಗೆ ಮಾಡಿದರು ಎಂಬುದನ್ನೂ ಹೇಳಿ, ಫಲಿತಾಂಶ ಮಾತ್ರ ಹೇಳಬೇಡಿ. ಮಕ್ಕಳು ವಾದ ಮಾಡಲಿ.

ಬಿಎಸ್ಸಿ_ಕೊನೆವರ್ಷ

ಟ್ಯಾಸ್ಮೇನಿಯಾದ ಹುಲಿ ಥೈಲಸೀನ್ ಅಳಿದುಹೋಗಿದೆಯಲ್ಲ, ಅದರ ದೃಷ್ಟಿ ಕ್ಷೇತ್ರ ತಿಳಿಯುವ ದಾರಿ ಏನಾದರೂ ಇದೆಯೇ?

ಯಾರಾ_ದಂಡೆ

ಅರ್ಧ ದಾರಿ ಇದೆ. ಕೊನೆಯದಾಗಿ ಸಾಕಿದ್ದ ಥೈಲಸೀನ್ 1936ರಲ್ಲಿ ಹೋಬಾರ್ಟ್‌ನಲ್ಲಿ ಸತ್ತಿತು. ಸಂಗ್ರಹಾಲಯಗಳಲ್ಲಿ ಸಂರಕ್ಷಿಸಿಟ್ಟ ಸುಮಾರು ನೂರು ವರ್ಷ ಹಳೆಯ ಮಿದುಳುಗಳನ್ನು ಗ್ರೆಗರಿ ಬರ್ನ್ಸ್ ಮತ್ತು ಕೆನ್ ಆಶ್ವೆಲ್ ಎಂಆರ್‌ಐ ಯಂತ್ರದಲ್ಲಿಟ್ಟು, ನೀರಿನ ಅಣುಗಳ ಚಲನೆಯ ದಿಕ್ಕಿನಿಂದ ತಂತುಗಳ ಹಾದಿ ಗುರುತಿಸಿದರು. 2017ರಲ್ಲಿ ಪ್ರಕಟವಾಯಿತು. ಟ್ಯಾಸ್ಮೇನಿಯನ್ ಡೆವಿಲ್ ಜೊತೆ ಹೋಲಿಸಿ ಕಾರ್ಟೆಕ್ಸಿನ ಸ್ಥೂಲ ವಿಭಾಗಗಳನ್ನು ಊಹಿಸಿದ್ದಾರೆ. ಕೋನಗಳ ನಕ್ಷೆಗೆ ಬದುಕಿರುವ ಕೋಶ ಬೇಕು, ಅದು ಇಲ್ಲಿ ಸಾಧ್ಯವಿಲ್ಲ.

ಪಿಯು_ಮೇಷ್ಟ್ರು

ಎಲ್ಲರಿಗೂ ವಂದನೆ. ನಾಳೆ ಕಪ್ಪುಹಲಗೆಯ ಮೇಲೆ ಎರಡು ಅಡ್ಡಕೊಯ್ತ ಬರೆಯಬೇಕೆಂದಿದ್ದೇನೆ, ಒಂದು ಮನುಷ್ಯನದು, ಒಂದು ವಾಲಬಿಯದು. ವಾಲಬಿಯಲ್ಲಿ ಆಂಟೀರಿಯರ್ ಕಮಿಷರ್ ಎಲ್ಲಿ ಬರೆಯಲಿ?

ಯಾರಾ_ದಂಡೆ

ನಡುಗೆರೆಯ ಕೆಳಭಾಗದಲ್ಲಿ, ಎರಡೂ ಬದಿಯ ಸ್ಟ್ರಯೇಟಮ್ (ಅರೆಗೋಳದ ಒಳಗಿನ ನರಕೋಶಗಳ ಗುಂಪು) ಸಾಲಿನಲ್ಲಿ, ಅಡ್ಡಲಾಗಿ ದಪ್ಪಗೆ. ಮೇಲ್ಭಾಗದ ಕಾರ್ಟೆಕ್ಸ್‌ನಿಂದ ಇಳಿಯುವ ಎರಡು ದಾರಿ ತೋರಿಸಿ: ಒಂದು ಹೊರಗಿನಿಂದ ಸುತ್ತಿ ಬರುವುದು, ಇನ್ನೊಂದು ಒಳಗಿನಿಂದ ಬರುವ ಫ್ಯಾಸಿಕ್ಯುಲಸ್ ಅಬೆರಾನ್ಸ್. ಮೇಲೆ ಸಣ್ಣದಾಗಿ ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್‌ನ ಕಮಿಷರ್ ಕೂಡ ಬರೆಯಿರಿ. ಅದನ್ನೇ ಕಾರ್ಪಸ್ ಕಲೋಸಮ್ ಎಂದು ತಿಳಿದು ಹಿಂದೆ ಎಷ್ಟೋ ಜನ ಜಗಳವಾಡಿದ್ದಾರೆ, ಆ ಹುಡುಗಿಯೂ ಕೇಳುತ್ತಾಳೆ.